ಮುರಿದು ನೋಡಲೆಂದೇ ಮಾಡುವ ಚಾಕು

ಒಂದು ಅಂಗುಲ ದಪ್ಪದ ಹಗ್ಗ ಮೇಲಿನಿಂದ ಇಳಿಬಿದ್ದಿರುತ್ತದೆ. ಅದರ ಕೆಳತುದಿಯನ್ನು ಯಾರೂ ಹಿಡಿದಿರುವುದಿಲ್ಲ, ಎಲ್ಲಿಗೂ ಕಟ್ಟಿರುವುದಿಲ್ಲ. ಪರೀಕ್ಷೆಗೆ ನಿಂತವರು ತಾವೇ ಬಡಿದು, ತಾವೇ ಹದ ಹಾಕಿ, ತಾವೇ ಸಾಣೆ ಹಿಡಿದ ಚಾಕುವಿನಿಂದ ಅದನ್ನು ಒಂದೇ ಬೀಸಿಗೆ ಕತ್ತರಿಸಬೇಕು. ಬಾಯಿ ತುಸು ಮೊಂಡಾಗಿದ್ದರೂ ಹಗ್ಗ ಅತ್ತ ಸರಿದು ತೂಗಾಡುತ್ತದೆ, ಪರೀಕ್ಷೆ ಅಲ್ಲಿಗೇ ಮುಗಿಯುತ್ತದೆ. ಹಗ್ಗ ತುಂಡಾದರೆ ಅದೇ ಚಾಕುವಿನಿಂದ ಮನೆ ಕಟ್ಟಲು ಬಳಸುವ ಟು-ಬೈ-ಫೋರ್ ಮರದ ತುಂಡನ್ನು ಎರಡು ಸಲ ಪೂರ್ತಿ ಕಡಿದು ಹಾಕಬೇಕು. ಅಷ್ಟು ಕಡಿದ ಮೇಲೆ ಅದೇ ಬಾಯಿಂದ ಮುಂಗೈ ಮೇಲಿನ ಕೂದಲು ಬೋಳಿಸಿ ತೋರಿಸಬೇಕು. ಕೊನೆಗೆ ಅಲಗಿನ ತುದಿಯನ್ನು ವೈಸಿಗೆ ಸಿಕ್ಕಿಸಿ, ಹಿಡಿಗೆ ಉದ್ದನೆಯ ಕೊಳವೆ ತೊಡಿಸಿ, 90 ಡಿಗ್ರಿ ಬಗ್ಗಿಸಬೇಕು. ಬಾಯಿಯಲ್ಲಿ ಒಂದಿಷ್ಟು ಬಿರುಕು ಬಿಟ್ಟರೆ ಸಹಿಸುತ್ತಾರೆ. ಅಲಗು ಎರಡು ತುಂಡಾಗಕೂಡದು.

ಇದು ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ತನ್ನ ಮೊದಲ ದರ್ಜೆಯಾದ 'ಜರ್ನಿಮನ್ ಸ್ಮಿತ್' ಪಟ್ಟಕ್ಕೆ ಇಟ್ಟಿರುವ ಪರೀಕ್ಷೆ. ಅಲಗು 10 ಅಂಗುಲಕ್ಕಿಂತ ಉದ್ದ, 2 ಅಂಗುಲಕ್ಕಿಂತ ಅಗಲ ಇರಬಾರದು. ಇಲ್ಲಿ ಗೆದ್ದ ಚಾಕು ಮತ್ತೆ ಯಾವ ಕೆಲಸಕ್ಕೂ ಬರುವುದಿಲ್ಲ, ಏಕೆಂದರೆ ಪರೀಕ್ಷೆಯೇ ಅದನ್ನು ಹಾಳುಮಾಡುತ್ತದೆ. ಇದಾದ ಮೇಲೆ ಐದು ಚಾಕುಗಳನ್ನು ತೀರ್ಪುಗಾರರ ಮುಂದೆ ಇಡಬೇಕು. ಅಂದಚೆಂದ, ಜೋಡಣೆ, ಸಮತೋಲನದ ಲೆಕ್ಕ ಆಗ ನಡೆಯುತ್ತದೆ. ಮೊದಲು ಕೆಲಸ, ಆಮೇಲೆ ಚೆಂದ: ಈ ಅನುಕ್ರಮದಲ್ಲೇ ಹಿರಿಯ ಚಾಕು ತಯಾರಕರು ಹೊಸಬರಿಗೆ ಹೇಳುವ ಮಾತಿನ ಮುಕ್ಕಾಲು ಪಾಲು ಇದೆ.

ಈ ಸಂಸ್ಥೆ 1976ರಲ್ಲಿ ಹುಟ್ಟಿತು. ಅದರ ಹಿಂದಿದ್ದ ಮುಖ್ಯ ವ್ಯಕ್ತಿ ಮೇರಿಲ್ಯಾಂಡ್ ರಾಜ್ಯದ ವಿಲಿಯಂ ಮೊರಾನ್. ರೈತ ಮನೆತನದಲ್ಲಿ ಬೆಳೆದ ಅವರು ಹುಡುಗನಾಗಿದ್ದಾಗಲೇ ಕುಲುಮೆಗೆ ಇಳಿದವರು. ಎರಡನೇ ಮಹಾಯುದ್ಧದ ನಂತರದ ಅಮೆರಿಕದಲ್ಲಿ ಕಬ್ಬಿಣ ಬಡಿದು ಚಾಕು ಮಾಡುವವರನ್ನು ಬೆರಳೆಣಿಕೆಯಲ್ಲಿ ಲೆಕ್ಕ ಹಾಕಬಹುದಿತ್ತು. ಬೇರೆ ಬೇರೆ ಉಕ್ಕಿನ ಪದರಗಳನ್ನು ಬೆಸೆದು ಅಲೆಅಲೆಯ ವಿನ್ಯಾಸ ಮೂಡಿಸುವ ಡಮಾಸ್ಕಸ್ ಅಲಗುಗಳನ್ನು 1973ರಲ್ಲಿ ಮೊರಾನ್ ಪ್ರದರ್ಶನಕ್ಕಿಟ್ಟಾಗ ನೋಡಿದವರು ಬೆರಗಾದರು. ಆ ವಿದ್ಯೆಯನ್ನು ಅವರು ಗುಟ್ಟಾಗಿ ಇಟ್ಟುಕೊಳ್ಳದೆ ಕೇಳಿದವರಿಗೆ ಹೇಳಿಕೊಟ್ಟರು. 1988ರಲ್ಲಿ ಅರ್ಕನ್ಸಾ ರಾಜ್ಯದ ವಾಷಿಂಗ್ಟನ್ ಎಂಬ ಸಣ್ಣ ಊರಿನಲ್ಲಿ ಚಾಕು ಬಡಿಯುವುದನ್ನು ಕಲಿಸುವ ಶಾಲೆ ತೆರೆಯಿತು. ಬೋವಿ ಚಾಕುವಿನ ದಂತಕಥೆಯೊಂದಿಗೆ ಹೆಸರು ಬೆಸೆದುಕೊಂಡಿರುವ ಕಮ್ಮಾರ ಜೇಮ್ಸ್ ಬ್ಲ್ಯಾಕ್ ಬಾಳಿದ ಊರದು. ಮೊರಾನ್ 2006ರಲ್ಲಿ ತೀರಿಕೊಂಡರು. ಅವರು ಹಾಕಿಕೊಟ್ಟ ಪರೀಕ್ಷೆ ಇಂದಿಗೂ ನಡೆಯುತ್ತಿದೆ.

2015ರಲ್ಲಿ 'ಫೋರ್ಜ್ಡ್ ಇನ್ ಫೈರ್' ಎಂಬ ಟಿವಿ ಸ್ಪರ್ಧೆ ಶುರುವಾದ ಮೇಲೆ ಕುಲುಮೆಯತ್ತ ಬರುವ ಹೊಸಬರ ಮುಖ ಬದಲಾಯಿತು. ಗಡಿಯಾರ ಓಡುತ್ತಿರುವಾಗ ಕೆಂಪು ಕಬ್ಬಿಣ ಬಡಿದು, ಎಣ್ಣೆಗೆ ಅದ್ದಿ, ಬೆಂಕಿ ಭುಗಿಲೇಳುವುದನ್ನು ನೋಡಿದವರಿಗೆ ತಾವೂ ಒಂದು ಕತ್ತಿ ಮಾಡಬೇಕೆನಿಸುವುದು ಸಹಜ. ಅವರಲ್ಲಿ ಹೆಚ್ಚಿನವರು ಮೊದಲಿಗೇ ಮಾಡಹೊರಡುವುದು ಖಡ್ಗ, ಇಲ್ಲವೇ ಡಮಾಸ್ಕಸ್ ಅಲಗು. ಹಿರಿಯರು ಬೇಡವೆನ್ನುವುದು ಇಲ್ಲಿಯೇ. ಅಲಗು ಉದ್ದವಾದಷ್ಟೂ ಅದನ್ನು ಸಮನಾಗಿ ಕಾಯಿಸುವುದು ಕಷ್ಟ, ಅದ್ದಿದಾಗ ಸೊಟ್ಟಗಾಗುವ ಸಾಧ್ಯತೆಯೂ ಹೆಚ್ಚು. ಮೂರೂವರೆ, ನಾಲ್ಕು ಅಂಗುಲದ ಅಲಗು, ಸಾದಾ ಆಕಾರ, ಎರಡೂ ಬದಿಗೆ ಮರದ ಹಿಡಿ. ಮೊದಲ ಚಾಕುವಿಗೆ ಇಷ್ಟು ಸಾಕು. ಅದನ್ನು ಕೊನೆಯವರೆಗೆ ಮುಗಿಸಬೇಕು. ಅರ್ಧಕ್ಕೆ ಬಿಟ್ಟ ಹತ್ತು ಅಲಗುಗಳು ಕಲಿಸದ್ದನ್ನು ಪೂರ್ತಿ ಮಾಡಿದ ಒಂದು ಕಲಿಸುತ್ತದೆ.

ಯಾವ ಉಕ್ಕು ಎಂಬುದು ಎರಡನೇ ಪ್ರಶ್ನೆ. ಇದಕ್ಕೆ ಬಾಬ್ ಲವ್‌ಲೆಸ್ ಕಥೆಯನ್ನು ಹೇಳುವ ವಾಡಿಕೆ ಇದೆ. 1950ರ ದಶಕದ ಆರಂಭದಲ್ಲಿ ಸರಕು ಹಡಗಿನ ನಾವಿಕನಾಗಿದ್ದ ಲವ್‌ಲೆಸ್ ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ರ್‍ಯಾಂಡಲ್ ಕಂಪನಿಯ ಚಾಕು ಕೊಳ್ಳಲು ಹೋದರು. ತಿಂಗಳುಗಟ್ಟಲೆ ಕಾಯಬೇಕು ಎಂದರಂತೆ. ಅವರು ಕಾಯಲಿಲ್ಲ, ನೆವಾರ್ಕಿನ ಗುಜರಿಯಲ್ಲಿ ಬಿದ್ದಿದ್ದ ಹಳೆಯ ಪ್ಯಾಕರ್ಡ್ ಕಾರಿನ ಸ್ಪ್ರಿಂಗಿನಿಂದ ಸ್ವತಃ ಚಾಕು ಮಾಡಿದರು. ಮುಂದೆ ಅವರೇ 20ನೇ ಶತಮಾನದ ಅತ್ಯಂತ ಪ್ರಭಾವಶಾಲಿ ಚಾಕು ತಯಾರಕರಲ್ಲಿ ಒಬ್ಬರಾದರು. ಗುಜರಿ ಕಬ್ಬಿಣವೇ ಸಾಕು ಎನ್ನಲು ಹೊಸಬರು ಈ ಕಥೆಯನ್ನು ನೆಪ ಮಾಡಿಕೊಳ್ಳುತ್ತಾರೆ. ಕಥೆಯ ಮುಂದಿನ ಭಾಗವನ್ನೂ ಕೇಳಬೇಕು. ಲವ್‌ಲೆಸ್ ಗುಜರಿಗೆ ಅಂಟಿಕೊಳ್ಳಲಿಲ್ಲ. ಕಾರ್ಖಾನೆಯಿಂದ ಬರುವ, ಒಳಗೇನಿದೆ ಎಂದು ಖಚಿತವಾಗಿ ಗೊತ್ತಿರುವ ಉಕ್ಕಿನ ಪಟ್ಟಿಗಳನ್ನು ತಂದು, ಬೇಡದ ಭಾಗವನ್ನು ಸಾಣೆಯಲ್ಲಿ ತೆಗೆದು ಅಲಗು ರೂಪಿಸುವ ವಿಧಾನವನ್ನು ಜನಪ್ರಿಯಗೊಳಿಸಿದರು. ಜೆಟ್ ಎಂಜಿನ್ನಿನ ಬೇರಿಂಗುಗಳಿಗೆಂದು ತಯಾರಾಗಿದ್ದ 154ಸಿಎಂ ಎಂಬ ಉಕ್ಕನ್ನು ಚಾಕುವಿಗೆ ತಂದವರು ಅವರೇ.

ಗುಜರಿ ಸ್ಪ್ರಿಂಗಿನಿಂದ ಒಳ್ಳೆಯ ಚಾಕು ಆಗುವುದಿಲ್ಲ ಎಂದಲ್ಲ. ನಮ್ಮ ಊರುಗಳ ಕಮ್ಮಾರರು ಲಾರಿಯ ಕಮಾನು ಪಟ್ಟಿಯಿಂದ ಮಾಡಿದ ಕತ್ತಿಗಳು ಮಲೆನಾಡಿನ ತೋಟಗಳಲ್ಲಿ ದಿನವೂ ದುಡಿಯುತ್ತಿವೆ. ಆದರೆ ಆ ಕಮ್ಮಾರರ ಹಿಂದೆ ತಲೆಮಾರುಗಳ ಕಣ್ಣಳತೆ ಇದೆ. ಹೊಸಬರಿಗೆ ಆ ಕಣ್ಣು ಇನ್ನೂ ಬಂದಿರುವುದಿಲ್ಲ. ಅಲಗು ಗಡಸಾಗದೇ ಹೋದರೆ ತಪ್ಪು ಉಕ್ಕಿನದೋ, ಕಾಯಿಸಿದ್ದರದೋ, ಎಣ್ಣೆಯದೋ ಎಂದು ಹೇಳುವಂತಿರುವುದಿಲ್ಲ. ಹಳೆಯ ಸ್ಪ್ರಿಂಗಿನಲ್ಲಿ ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕುಗಳೂ ಇರಬಹುದು. ವಾರಗಟ್ಟಲೆ ಅರದಿಂದ ಉಜ್ಜಿದ ಶ್ರಮ ಎಣ್ಣೆಗೆ ಅದ್ದಿದ ಕ್ಷಣದಲ್ಲಿ ಮಣ್ಣುಪಾಲಾಗುತ್ತದೆ. ಹೊಸ ಉಕ್ಕಿನ ಬೆಲೆ ಆ ಶ್ರಮಕ್ಕಿಂತ ಎಷ್ಟೋ ಕಡಿಮೆ.

ಅಮೆರಿಕದಲ್ಲಿ ಹೊಸಬರಿಗೆ ಹೆಚ್ಚಾಗಿ ಶಿಫಾರಸು ಮಾಡುವುದು 1084 ಎಂಬ ಸಾದಾ ಕಾರ್ಬನ್ ಉಕ್ಕನ್ನು. ಹೆಸರಿನ ಕೊನೆಯ ಎರಡು ಅಂಕಿಗಳೇ ಅದರ ಕಾರ್ಬನ್ ಪ್ರಮಾಣವನ್ನು ಹೇಳುತ್ತವೆ: ಶೇಕಡಾ 0.84ರ ಆಸುಪಾಸು. ಇಷ್ಟು ಕಾರ್ಬನ್ ಇದ್ದಾಗ ಉಕ್ಕು ತಕ್ಕ ಶಾಖಕ್ಕೆ ಬಂದೊಡನೆ ಕಾರ್ಬನ್ನೆಲ್ಲ ಸಲೀಸಾಗಿ ಕರಗಿ ಬೆರೆಯುತ್ತದೆ, ಅದೇ ಶಾಖದಲ್ಲಿ ಬಹಳ ಹೊತ್ತು ಹಿಡಿದಿಡಬೇಕಾಗಿಲ್ಲ. ಹೆಸರಿನಲ್ಲಿ ಹತ್ತಿರವೇ ಇರುವ 1095 ಹಾಗಲ್ಲ. ಅದನ್ನು ಒಂದು ಸೆಕೆಂಡಿನ ಒಳಗೇ ತಣಿಸಬೇಕು, ಅದಕ್ಕೆ ವೇಗದ ಎಣ್ಣೆಯೇ ಆಗಬೇಕು. ಸಾಮಾನ್ಯ ಅಡುಗೆ ಎಣ್ಣೆಯಲ್ಲಿ ಅದು ಅರೆಬರೆ ಗಡಸಾಗಿ ಉಳಿದುಬಿಡಬಹುದು. ಭಾರತದಲ್ಲಿ ಬೇರಿಂಗಿಗೆ ಬಳಸುವ ಇಎನ್31 ಸುಲಭವಾಗಿ ಸಿಗುತ್ತದೆ. ಅಮೆರಿಕದವರು 52100 ಎಂದು ಕರೆಯುವುದು ಹೆಚ್ಚುಕಡಿಮೆ ಇದನ್ನೇ. ಉತ್ತಮ ಉಕ್ಕು ಹೌದು, ಆದರೆ ಶಾಖವನ್ನು ನಿಖರವಾಗಿ ಹಿಡಿದಿಡುವ ಕುಲುಮೆಯನ್ನು ಬೇಡುತ್ತದೆ. ಅಂಥ ಸೌಕರ್ಯ ಇಲ್ಲದವರು ಹದ ಹಾಕುವ ಕೆಲಸವನ್ನು ಕೈಗಾರಿಕಾ ಪ್ರದೇಶಗಳಲ್ಲಿರುವ ಹೀಟ್ ಟ್ರೀಟ್‌ಮೆಂಟ್ ಘಟಕಗಳಿಗೆ ಕೊಡಬಹುದು. ಅದರಲ್ಲಿ ಅವಮಾನವೇನೂ ಇಲ್ಲ. ಹೆಸರಾಂತ ತಯಾರಕರಲ್ಲೂ ಹಲವರು ಹಾಗೆ ಮಾಡುತ್ತಾರೆ.

ಇನ್ನು ಹದ. ಚಾಕುವಿನ ಇಡೀ ಬಾಳು ನಿರ್ಧಾರವಾಗುವುದು ಇಲ್ಲಿ.

1084 ಉಕ್ಕನ್ನು ಕಾಯಿಸುತ್ತ ಹೋದಂತೆ ಸುಮಾರು 770 ಡಿಗ್ರಿ ಸೆಲ್ಸಿಯಸ್‌ಗೆ ಅಯಸ್ಕಾಂತ ಅದಕ್ಕೆ ಅಂಟುವುದನ್ನು ನಿಲ್ಲಿಸುತ್ತದೆ. ಥರ್ಮಾಮೀಟರ್ ಇಲ್ಲದ ಕುಲುಮೆಯಲ್ಲಿ ಇದೇ ದಾರಿತೋರುಕ. ಅಲ್ಲಿಂದ ಇನ್ನೂ ತುಸು ಮೇಲಕ್ಕೆ, 815 ಡಿಗ್ರಿಯ ಹತ್ತಿರ, ಅಲಗಿನ ಉದ್ದಕ್ಕೂ ಒಂದೇ ಬಣ್ಣ ಬರುವಂತೆ ಕಾಯಿಸಬೇಕು. ಬಣ್ಣವನ್ನು ಅರೆಗತ್ತಲಲ್ಲಿ ನೋಡಬೇಕು. ಹಗಲಿನ ಬೆಳಕಿನಲ್ಲಿ ಮಂದ ಕೆಂಪಾಗಿ ಕಂಡದ್ದು ನೆರಳಿನಲ್ಲಿ ಕಿತ್ತಳೆಯಾಗಿ ಕಾಣುತ್ತದೆ. ಬಿಸಿಲಲ್ಲಿ ಹದ ಹಾಕುವವರು ಹೆಚ್ಚಾಗಿ ಮಿತಿಮೀರಿ ಕಾಯಿಸುತ್ತಾರೆ. ಗಮನವಿಟ್ಟು ನೋಡಿದರೆ ಅಲಗಿನ ಮೇಲೆ ಕಪ್ಪು ನೆರಳುಗಳು ಹರಿದಾಡುವುದು ಕಾಣುತ್ತದೆ. ಉಕ್ಕಿನ ಒಳರಚನೆ ಬದಲಾಗುವಾಗ ಶಾಖವನ್ನು ಹೀರಿಕೊಳ್ಳುವುದರಿಂದ ಆ ಭಾಗ ಕ್ಷಣಕಾಲ ಮಂಕಾಗುತ್ತದೆ. ನೆರಳು ಪೂರ್ತಿ ಕರಗಿತೆಂದರೆ ಬದಲಾವಣೆ ಮುಗಿಯಿತು ಎಂದು ಅರ್ಥ. ಒಮ್ಮೆ ಇದನ್ನು ಕಣ್ಣಾರೆ ಕಂಡವರಿಗೆ ಅಯಸ್ಕಾಂತದ ಅವಲಂಬನೆ ಬಹಳಷ್ಟು ಕಡಿಮೆಯಾಗುತ್ತದೆ.

ಆಮೇಲೆ ಎಣ್ಣೆ. ಸುಮಾರು 50 ಡಿಗ್ರಿಗೆ ಬೆಚ್ಚಗೆ ಮಾಡಿದ ಸಸ್ಯದ ಎಣ್ಣೆ ತಣ್ಣನೆಯ ಎಣ್ಣೆಗಿಂತ ವೇಗವಾಗಿ ಶಾಖ ಹೀರುತ್ತದೆ, ಏಕೆಂದರೆ ಬೆಚ್ಚಗಾದಾಗ ತೆಳುವಾಗಿ ಅಲಗಿನ ಸುತ್ತ ಬೇಗ ಹರಿಯುತ್ತದೆ. ಅಲಗನ್ನು ನೇರವಾಗಿ ಇಳಿಸಿ, ಬಾಯಿಯ ದಿಕ್ಕಿಗೆ ಹಿಂದೆಮುಂದೆ ಆಡಿಸಬೇಕು. ಅಕ್ಕಪಕ್ಕ ಆಡಿಸಿದರೆ ಒಂದು ಬದಿ ಮೊದಲು ತಣಿದು ಸೊಟ್ಟಗಾಗುತ್ತದೆ. ನೀರಿಗೆ ಅದ್ದುವ ಆಸೆ ಬೇಡ. ತೆಳು ಅಲಗು ನೀರಿನಲ್ಲಿ ಟಕ್ಕೆಂದು ಬಿರುಕು ಬಿಡುವ ಸದ್ದು ಕೇಳಿದವರು ಅದನ್ನು ಮರೆಯುವುದಿಲ್ಲ. ಹೊರತೆಗೆದ ಮೇಲೆ ಅಲಗಿನ ಮೇಲೆ ಅರ ಆಡಿಸಿದಾಗ ಗಾಜಿನ ಮೇಲೆ ಆಡಿದಂತೆ ಜಾರಿದರೆ ಗಡಸು ಬಂದಿದೆ, ಕಚ್ಚಿದರೆ ಬಂದಿಲ್ಲ. ಆದರೆ ಮೇಲ್ಪದರದ ಕಾರ್ಬನ್ ಬೆಂಕಿಯಲ್ಲಿ ಸುಟ್ಟುಹೋಗಿರುತ್ತದೆ. ಅರ ಮೊದಲು ಕಚ್ಚಿ, ಎರಡು ಮೂರು ಉಜ್ಜಿಗೆ ಜಾರತೊಡಗಿದರೆ ಗಾಬರಿ ಬೇಡ.

ಈ ಹಂತದಲ್ಲಿ ಅಲಗು ಗಡಸು ಮಾತ್ರವಲ್ಲ, ಪೆಡಸೂ ಹೌದು. ಕೈಜಾರಿ ಸಿಮೆಂಟ್ ನೆಲಕ್ಕೆ ಬಿದ್ದರೆ ಮುರಿದೇಹೋಗಬಹುದು. ತಡಮಾಡದೆ ಓವನ್ನಿನಲ್ಲಿಟ್ಟು 200 ಡಿಗ್ರಿಯಲ್ಲಿ ಎರಡು ಗಂಟೆ, ತಣಿಸಿ ಮತ್ತೆ ಎರಡು ಗಂಟೆ ಕಾಯಿಸಬೇಕು. ಅಡುಗೆಮನೆಯ ಓವನ್ ಸಾಕು, ಆದರೆ ಅದರ ಗುಂಡಿಯ ಮೇಲಿನ ಅಂಕಿಯನ್ನು ನಂಬದೆ ಒಳಗೆ ಬೇರೆ ಥರ್ಮಾಮೀಟರ್ ಇಡಬೇಕು. ಹೊಳೆಯುವಂತೆ ಉಜ್ಜಿದ ಅಲಗಿನ ಮೇಲೆ ಒಣಹುಲ್ಲಿನ ತಿಳಿಹಳದಿ ಮೂಡುತ್ತದೆ. ಆಗ ಗಡಸುತನ ರಾಕ್‌ವೆಲ್ ಸಿ ಮಾಪಕದಲ್ಲಿ 60ರ ಆಸುಪಾಸಿಗೆ ಇಳಿದು, ಅಲಗು ಪೆಟ್ಟು ತಾಳುವಂತಾಗಿರುತ್ತದೆ.

ಇಷ್ಟೆಲ್ಲ ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ಹಿರಿಯರು ಹೇಳುವ ಉಪಾಯ ಒಂದೇ: ಮುರಿದು ನೋಡು. ಅದೇ ಪಟ್ಟಿಯಿಂದ ಕತ್ತರಿಸಿದ ಸಣ್ಣ ತುಂಡನ್ನು ಅಲಗಿನಷ್ಟೇ ಕಾಯಿಸಿ, ಎಣ್ಣೆಗೆ ಅದ್ದಿ, ತಣಿದ ಮೇಲೆ ಬಟ್ಟೆ ಸುತ್ತಿ ವೈಸಿನಲ್ಲಿ ಸಿಕ್ಕಿಸಿ ಸುತ್ತಿಗೆಯಿಂದ ಹೊಡೆದು ಮುರಿಯಬೇಕು. ಮುರಿದ ಮೈ ನಯವಾದ ಬೂದು ಮಖಮಲ್ಲಿನ ಹಾಗಿದ್ದರೆ ಕಣಗಳು ಸಣ್ಣಗಿವೆ, ಹದ ಸರಿಯಿದೆ. ಹರಳುಹರಳಾಗಿ ಮಿನುಗಿದರೆ ಮಿತಿಮೀರಿ ಕಾಯಿಸಿದ್ದಾಗಿದೆ, ಕಣಗಳು ದಪ್ಪಗಾಗಿವೆ, ಅಂಥ ಅಲಗು ಎಷ್ಟೇ ಚೆಂದವಾಗಿದ್ದರೂ ಬಾಯಿ ಉದುರುತ್ತದೆ. ಈ ತಪ್ಪನ್ನು ಸರಿಪಡಿಸಬಹುದು ಎಂಬುದು ಉಕ್ಕಿನ ದೊಡ್ಡ ಉಪಕಾರ: ಪ್ರತಿಸಲವೂ ಮೊದಲಿಗಿಂತ ತುಸು ಕಡಿಮೆ ಶಾಖಕ್ಕೆ ಕಾಯಿಸಿ, ಗಾಳಿಯಲ್ಲಿ ಆರಲು ಬಿಟ್ಟು, ಮೂರು ಸಲ ಹೀಗೆ ಮಾಡಿದರೆ ಕಣಗಳು ಮತ್ತೆ ಸಣ್ಣಗಾಗುತ್ತವೆ. ಅಮೆರಿಕದ ಪರೀಕ್ಷೆಯಲ್ಲಿ ಅಲಗನ್ನು ಬಗ್ಗಿಸುವುದರ ಹಿಂದೆಯೂ ಇದೇ ವಿಚಾರ ಇದೆ. ಲೋಹಶಾಸ್ತ್ರ ಬಲ್ಲವರು ಈ ಬಗ್ಗಿಸುವ ಪರೀಕ್ಷೆಯನ್ನು ಟೀಕಿಸುವುದೂ ಉಂಟು. ಬೆನ್ನನ್ನು ತೀರಾ ಮೆತ್ತಗೆ ಬಿಟ್ಟರೆ ಯಾವ ಅಲಗೂ ಬಗ್ಗುತ್ತದೆ, ತರಕಾರಿ ಹೆಚ್ಚುವ ಚಾಕು 90 ಡಿಗ್ರಿ ಬಗ್ಗಬೇಕಾದ ಸಂದರ್ಭವೇ ಬರುವುದಿಲ್ಲ ಎನ್ನುತ್ತಾರೆ. ಟೀಕೆ ನ್ಯಾಯವಾದದ್ದೇ. ಆದರೂ ಬಾಯಿ ಗಡಸಾಗಿ, ಬೆನ್ನು ಮೆತ್ತಗಾಗಿ, ಎರಡನ್ನೂ ಬೇಕೆಂದಲ್ಲಿ ಬೇಕಾದಷ್ಟೇ ತರಬಲ್ಲವರ ಕೈಯಲ್ಲಿ ಬೆಂಕಿ ಪಳಗಿದೆ ಎನ್ನುವುದಕ್ಕೆ ಅದು ಸಾಕ್ಷಿ.

ಹೊಸಬರ ಚಾಕುಗಳಲ್ಲಿ ಹದದ ನಂತರ ಎದ್ದು ಕಾಣುವ ದೋಷ ದಪ್ಪ. ಮುರಿದೀತೆಂಬ ಭಯಕ್ಕೆ ಬಾಯಿಯ ಹಿಂಭಾಗವನ್ನು ದಪ್ಪ ಬಿಡುತ್ತಾರೆ. ಕೂದಲು ಬೋಳಿಸುವಷ್ಟು ಹರಿತವಿದ್ದರೂ ಅಂಥ ಚಾಕು ಕ್ಯಾರೆಟ್ಟನ್ನು ಕತ್ತರಿಸುವ ಬದಲು ಸೀಳುತ್ತದೆ. ಹದ ಹಾಕುವ ಮುನ್ನ ಬಾಯಿಯಲ್ಲಿ ಒಂದು ಮಿಲಿಮೀಟರಿನಷ್ಟು ದಪ್ಪ ಉಳಿಸಬೇಕು, ಇಲ್ಲದಿದ್ದರೆ ಎಣ್ಣೆಯಲ್ಲಿ ಅದು ಅಲೆಅಲೆಯಾಗುತ್ತದೆ. ಹದ ಆದ ಮೇಲೆ ಆ ದಪ್ಪವನ್ನು ಧೈರ್ಯದಿಂದ ಇಳಿಸಬೇಕು. ಆಗ ಪಕ್ಕದಲ್ಲೊಂದು ಬಕೆಟ್ ನೀರಿರಲಿ: ಬರಿಗೈಯಲ್ಲಿ ಅಲಗು ಹಿಡಿದು, ಬೆರಳಿಗೆ ಬಿಸಿ ತಾಕಿದೊಡನೆ ನೀರಿಗೆ ಅದ್ದುತ್ತಿರಬೇಕು. ಬಾಯಿಯಲ್ಲಿ ನೀಲಿ ಬಣ್ಣ ಕಂಡರೆ ಆ ಜಾಗದ ಹದ ಹೋಯಿತು ಎಂದೇ ಲೆಕ್ಕ. ಹಿಡಿಯೊಳಗೆ ಹೋಗುವ ಬಾಲವೂ ಅಲಗೂ ಸೇರುವಲ್ಲಿ ಚೂಪು ಮೂಲೆಗಳನ್ನು ಬಿಡಬಾರದು; ಗುಂಡು ಅರದಿಂದ ದುಂಡಗೆ ಮಾಡಬೇಕು. ಬಿರುಕು ಹುಟ್ಟುವುದು ಅಂಥ ಮೂಲೆಗಳಲ್ಲೇ.

ಸಲಕರಣೆಗಳ ವಿಷಯದಲ್ಲಿ ಆರೆಗನ್ ರಾಜ್ಯದ ವೇಯ್ನ್ ಗಾಡರ್ಡ್ ಅವರ ಹೆಸರು ಹೇಳಲೇಬೇಕು. ಐವತ್ತು ಡಾಲರಿನಲ್ಲಿ ಚಾಕು ಕಾರ್ಯಾಗಾರ ಕಟ್ಟುವುದು ಹೇಗೆಂದು ಅವರು ಪುಸ್ತಕವನ್ನೇ ಬರೆದರು. ದುಬಾರಿ ಯಂತ್ರ ಇಲ್ಲವೆಂದು ಕೂತವರನ್ನು ಎಬ್ಬಿಸಿದ ಪುಸ್ತಕ ಅದು. ಒಂದು ಗಟ್ಟಿ ವೈಸ್, ಎರಡು ಮೂರು ಒಳ್ಳೆಯ ಅರ, ಹ್ಯಾಕ್ಸಾ, ಡ್ರಿಲ್, ಎಮೆರಿ ಪೇಪರ್ ಇದ್ದರೆ ಮೊದಲ ಚಾಕು ಆಗುತ್ತದೆ. ಬೆಲ್ಟ್ ಗ್ರೈಂಡರ್ ಕೆಲಸವನ್ನು ಎಷ್ಟು ಬೇಗ ಮುಗಿಸುತ್ತದೋ ತಪ್ಪನ್ನೂ ಅಷ್ಟೇ ಬೇಗ ಮಾಡಿಸುತ್ತದೆ. ಅರ ನಿಧಾನ, ಆ ನಿಧಾನದಲ್ಲೇ ಕೈ ಕಲಿಯುತ್ತದೆ. ಅಡೆಗಲ್ಲಿಗೆ ರೈಲು ಹಳಿಯ ತುಂಡೂ ನಡೆಯುತ್ತದೆ.

ನಯಗೊಳಿಸುವ ಬಗ್ಗೆ ಒಂದೇ ಮಾತು: ಒರಟು ಕಾಗದದ ಗೀರುಗಳೆಲ್ಲ ಹೋಗುವವರೆಗೆ ಮುಂದಿನ ಕಾಗದಕ್ಕೆ ಹೋಗಬಾರದು. ಪ್ರತಿಸಲ ಉಜ್ಜುವ ದಿಕ್ಕು ಬದಲಿಸಿದರೆ ಉಳಿದ ಗೀರು ತಾನೇ ಕಾಣುತ್ತದೆ. ಜಪಾನಿನ ಸಕಾಯಿ ಪಟ್ಟಣದಲ್ಲಿ ಬಡಿಯುವವರು ಬೇರೆ, ಸಾಣೆ ಹಿಡಿಯುವವರು ಬೇರೆ, ಹಿಡಿ ಹಾಕುವವರು ಬೇರೆ. ಒಂದೊಂದು ಕೆಲಸಕ್ಕೂ ವರ್ಷಗಟ್ಟಲೆ ಮೀಸಲಿಡುತ್ತಾರೆ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಮಡಚುವ ಚಾಕುಗಳಿಗೆ ಹೆಸರಾಗಿದ್ದ ಸ್ಟ್ಯಾನ್ ಶಾ 14ನೇ ವಯಸ್ಸಿಗೆ ಕೆಲಸಕ್ಕೆ ಸೇರಿ, ಎಂಬತ್ತು ದಾಟಿದ ಮೇಲೂ ಅದೇ ಕೆಲಸ ಮಾಡುತ್ತಿದ್ದರು. ಮನೆಯ ಹಿತ್ತಲಲ್ಲಿ ಎಲ್ಲವನ್ನೂ ಒಬ್ಬರೇ ಮಾಡಹೊರಟವರು ತಮ್ಮ ಮೊದಲ ಚಾಕು ಒರಟಾಯಿತೆಂದು ಕೊರಗಬೇಕಾಗಿಲ್ಲ.

ಶೆಫೀಲ್ಡಿನ ಹೆಸರು ಬಂದಾಗ ಅದರ ಇನ್ನೊಂದು ಮುಖವನ್ನೂ ಹೇಳಬೇಕು. 19ನೇ ಶತಮಾನದಲ್ಲಿ ಅಲ್ಲಿ ಮರಳುಗಲ್ಲಿನ ಚಕ್ರದ ಮೇಲೆ ಒಣದಾಗಿ ಸಾಣೆ ಹಿಡಿಯುತ್ತಿದ್ದವರಲ್ಲಿ ಹಲವರು ನಲವತ್ತು ವರ್ಷ ಬದುಕುತ್ತಿರಲಿಲ್ಲ. ಕಲ್ಲಿನ ದೂಳು ಶ್ವಾಸಕೋಶವನ್ನು ತಿಂದುಹಾಕುತ್ತಿತ್ತು. ಇಂದಿನ ಬೆಲ್ಟಿನ ದೂಳು, ಹಿಡಿಗೆ ಬಳಸುವ ಬೀಟೆಯಂಥ ಮರಗಳ ಹುಡಿ, ಫೈಬರ್ ಮತ್ತು ರಾಳದ ಹಾಳೆಗಳ ಹುಡಿ ಇವೂ ಅಪಾಯಕಾರಿಯೇ. ಕರ್ಚೀಫು ಕಟ್ಟಿಕೊಂಡರೆ ಸಾಲದು, ಫಿಲ್ಟರ್ ಇರುವ ಮಾಸ್ಕ್ ಬೇಕು. ಕಾರ್ಯಾಗಾರದಲ್ಲಿ ಅತ್ಯಂತ ಅಪಾಯದ ಯಂತ್ರ ಯಾವುದೆಂದು ಅನುಭವಿಗಳನ್ನು ಕೇಳಿದರೆ ಅವರು ಕುಲುಮೆಯನ್ನು ತೋರಿಸುವುದಿಲ್ಲ, ಮೆರುಗು ಕೊಡುವ ಬಟ್ಟೆಚಕ್ರವನ್ನು ತೋರಿಸುತ್ತಾರೆ. ಅಲಗಿನ ಅಂಚು ಅದಕ್ಕೆ ಸಿಕ್ಕಿಬಿದ್ದರೆ ಚಾಕುವನ್ನು ಕಿತ್ತು ಮೈಮೇಲೆ ಎಸೆಯುತ್ತದೆ. ತಿರುಗುವ ಯಂತ್ರದ ಹತ್ತಿರ ಸಡಿಲ ತೋಳು, ಬಟ್ಟೆಯ ಕೈಗವಸು ಬೇಡ. ಎಣ್ಣೆಯ ಪಾತ್ರೆ ಲೋಹದ್ದೇ ಇರಬೇಕು, ಮುಚ್ಚಳ ಕೈಗೆ ಸಿಗುವಂತಿರಬೇಕು. ಸತು ಲೇಪಿಸಿದ ಕಬ್ಬಿಣವನ್ನು ಕುಲುಮೆಗೆ ಹಾಕಲೇಬಾರದು, ಅದರ ಹೊಗೆ ವಿಷ.

ಈ ವಿದ್ಯೆಯ ಜಾಗತಿಕ ಕಥೆಯಲ್ಲಿ ಕರ್ನಾಟಕಕ್ಕೂ ಜಾಗವಿದೆ. ಯುರೋಪಿನವರು ವೂಟ್ಜ್ ಎಂದು ಕರೆದ ಉಕ್ಕು ದಕ್ಷಿಣ ಭಾರತದ್ದು. ಹಳೆಯ ಮೈಸೂರು ಪ್ರದೇಶದಲ್ಲೂ ಅದು ತಯಾರಾಗುತ್ತಿತ್ತು. 1800ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕಬ್ಬಿಣದ ತುಂಡುಗಳನ್ನು ತಂಗಡಿ ಗಿಡದ ಕಡ್ಡಿಗಳೊಂದಿಗೆ ಮಣ್ಣಿನ ಮೂಸೆಯಲ್ಲಿಟ್ಟು ಮುಚ್ಚಿ ಉಕ್ಕು ಮಾಡುವುದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಆ ಉಕ್ಕಿನಿಂದ ಮಾಡಿದ ಅಲಗುಗಳ ಮೇಲೆ ಮೂಡುತ್ತಿದ್ದ ವಿನ್ಯಾಸದ ಮರ್ಮ ಕಾಲಕ್ರಮದಲ್ಲಿ ಕಳೆದುಹೋಯಿತು. ಅದನ್ನು ಮತ್ತೆ ಬಿಡಿಸಿದವರಲ್ಲಿ ಮುಖ್ಯರು ಫ್ಲಾರಿಡಾದ ಆಲ್ ಪೆಂಡ್ರೇ. ಕುದುರೆಗಳಿಗೆ ಲಾಳ ಹೊಡೆಯುವ ವೃತ್ತಿಯವರು. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಲೋಹಶಾಸ್ತ್ರಜ್ಞ ಜಾನ್ ವರ್ಹೊವನ್ ಜೊತೆ ವರ್ಷಗಟ್ಟಲೆ ಉಕ್ಕು ಕರಗಿಸಿ, ಬಡಿದು, ಕತ್ತರಿಸಿ ನೋಡಿದರು. 1998ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅದಿರಿನೊಂದಿಗೆ ತಾನಾಗಿ ಬಂದ ಅತ್ಯಲ್ಪ ಪ್ರಮಾಣದ ವೆನೇಡಿಯಂನಂಥ ಧಾತುಗಳೇ ಆ ಅಲೆಗಳಿಗೆ ಕಾರಣವೆಂದು ತೋರಿಸಿದರು. ವಿಶ್ವವಿದ್ಯಾಲಯದ ಸೂಕ್ಷ್ಮದರ್ಶಕ, ಲಾಳ ಹೊಡೆಯುವವರ ಸುತ್ತಿಗೆ ಎರಡೂ ಸೇರಿದ್ದರಿಂದ ಆದ ಕೆಲಸ ಅದು.

ನಮ್ಮಲ್ಲಿ ಕಲಿಯಬಯಸುವವರು ಕಾನೂನನ್ನೂ ತಿಳಿದಿರಬೇಕು. ಗೃಹಬಳಕೆ, ಕೃಷಿ, ವೈಜ್ಞಾನಿಕ ಅಥವಾ ಕೈಗಾರಿಕಾ ಉದ್ದೇಶದ್ದಲ್ಲದ, 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗು ಭಾರತದ ಶಸ್ತ್ರಾಸ್ತ್ರ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಅಡುಗೆಮನೆಯ ಸಣ್ಣ ಚಾಕುವಿನಿಂದ ಶುರುಮಾಡಲು ಇದೂ ಒಂದು ಕಾರಣ.

ಆಸಕ್ತಿ ಇದ್ದವರು ಮೊದಲು ಹತ್ತಿರದ ಊರಿನಲ್ಲಿ ಇನ್ನೂ ತಿದಿ ಊದುತ್ತಿರುವ ಕಮ್ಮಾರರನ್ನು ಹುಡುಕಿ, ಅವರ ಸಮಯಕ್ಕೆ ತಕ್ಕ ಹಣ ಕೊಟ್ಟು, ಹದ ಹಾಕುವುದನ್ನು ಪಕ್ಕದಲ್ಲಿ ನಿಂತು ನೋಡಿ. ಬಳಿಕ ಒಂದೇ ಪಟ್ಟಿಯಿಂದ ಎರಡು ಅಲಗು ಮಾಡಿ. ಒಂದನ್ನು ವೈಸಿಗೆ ಸಿಕ್ಕಿಸಿ ಮುರಿಯಿರಿ. ಇನ್ನೊಂದನ್ನು ಮನೆಯಲ್ಲಿ ದಿನವೂ ಅಡುಗೆ ಮಾಡುವವರ ಕೈಗೆ ಕೊಟ್ಟು, ಅವರು ಹೇಳುವ ದೂರುಗಳನ್ನು ಬರೆದಿಟ್ಟುಕೊಳ್ಳಿ. ಮಾರುವ ಯೋಚನೆ ಆ ದೂರುಗಳು ನಿಂತ ಮೇಲೆ.